ಅಕ್ಕ ಕೈ ಎತ್ತಿದರೆ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಯಾವಾಗಲೂ ಒಣಗಿಕೊಂಡಿರುತ್ತಿತ್ತು. ಯಾರಿಗಾದರೂ ಕಪಾಳಕ್ಕೆ ಹೊಡೆದರೆ ಅದು ಪುಡಿಯಾಗಿ ಹೊಡೆಸಿಕೊಂಡವರ ಕೆನ್ನೆಗೆ ಅಂಟುತ್ತಿತ್ತು. ಗಲ್ಲಿಯಲ್ಲಿ ಒಬ್ಬನ ಕೆನ್ನೆ ಬೆಳ್ಳಗಿದ್ದರೆ, ಇವನು ಅಕ್ಕನ ಹತ್ತಿರ ಹೋಗಿ ಬಂದಿದ್ದಾನೆ ಎಂದು ಉಳಿದವರು ನಗುತ್ತಿದ್ದರು. ನನ್ನ ಕೆನ್ನೆಗೂ ಆ ಹಿಟ್ಟು ಒಮ್ಮೆ ಅಂಟಿದೆ.

ಕಳೆದ ತಿಂಗಳು ಅವರು ತೀರಿಕೊಂಡರು. ವಿಜಯಪುರದ ಕಡೆಯ ತಮ್ಮ ಊರಿಗೆ ಹೋದವರು ಜ್ವರ ಎಂದು ಮಲಗಿದ್ದರಂತೆ, ಏಳಲಿಲ್ಲ. ನನಗೆ ಸುದ್ದಿ ಹೇಳಿದವರು ಗಂಗವ್ವ. ಅಕ್ಕನ ಖಾನಾವಳಿಯಲ್ಲಿ ಬಹಳ ವರ್ಷ ರೊಟ್ಟಿ ಬಡಿದವರು. ಫೋನಿನಲ್ಲಿ ಅಳುತ್ತಲೇ, "ಇನ್ನ ನನ್ನ ಬೈಯಾಕ ಯಾರದಾರ್ರಿ ಮ್ಯಾಡಮ್?" ಅಂದರು. ಅಳುವವರ ಎದುರು ನನಗೆ ಯಾವತ್ತೂ ಮಾತು ಬರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಮುಂಬೈಯ ಕುರ್ಲಾದ ಆ ಗಲ್ಲಿಯಲ್ಲಿ ಕನ್ನಡದವರು, ಮರಾಠಿಯವರು, ಉತ್ತರದಿಂದ ಬಂದ ಭೈಯಾಗಳು, ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನನಗೂ ಅಷ್ಟೇ ಸಾಕು.

ಆ ಗಲ್ಲಿಯ ಎರಡೂ ಬದಿಗೆ ಗಾಲಾಗಳು, ಅಂದರೆ ತಗಡಿನ ಮಾಡಿನ ಸಣ್ಣ ಕಾರ್ಖಾನೆಗಳು. ಒಂದೊಂದರಲ್ಲಿ ನಾಲ್ಕೈದು ಪವರ್ ಪ್ರೆಸ್. ಬಾಗಿಲಿನ ಚಿಲಕ, ಬೀಗದ ಪಟ್ಟಿ, ಟ್ಯೂಬ್‌ಲೈಟಿನ ತಗಡು, ಎಲ್ಲವೂ ಅಲ್ಲಿ ಅಚ್ಚಾಗುತ್ತವೆ. ಕೈಯಿಂದ ತಗಡು ಇಡಬೇಕು, ಕಾಲಿನಿಂದ ಪೆಡಲ್ ಒತ್ತಬೇಕು, ಮೇಲಿನ ಭಾರ ಬಂದು ಬೀಳುವುದರೊಳಗೆ ಕೈ ಹಿಂದಕ್ಕೆ ಬಂದಿರಬೇಕು. ದಿನಕ್ಕೆ ಸಾವಿರಾರು ಸಲ ಬಂದಿರುತ್ತದೆ. ಒಂದು ಸಲ ಬಂದಿರುವುದಿಲ್ಲ.

ನಾನು ಚೆಂಬೂರಿನಲ್ಲಿ ಬೆಳೆದವಳು. ಅಪ್ಪ ಮೈಸೂರಿನಿಂದ ನೌಕರಿಯ ಮೇಲೆ ಬಂದು ಇಲ್ಲೇ ಉಳಿದವರು. ಕಾನೂನು ಓದಿ ಮುಗಿಸಿ, ಕಾರ್ಮಿಕರ ಕೇಸು ನಡೆಸುವ ಒಬ್ಬ ಹಿರಿಯ ಮರಾಠಿ ವಕೀಲರ ಆಫೀಸಿಗೆ ಸೇರಿದೆ. ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ ಸರ್ ನನ್ನನ್ನು ಆ ಗಲ್ಲಿಗೆ ಕಳಿಸಿದರು. ಕೆಲಸದಲ್ಲಿ ಗಾಯವಾದರೆ ಏನು ಮಾಡಬೇಕು, ಯಾರನ್ನು ಕೇಳಬೇಕು ಎಂದು ಅಲ್ಲಿನವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ ಎಂದು ಅಕ್ಕನ ಖಾನಾವಳಿಗೆ ಹೋದೆ. ಬೆಂಚಿನ ತುದಿಯಲ್ಲಿ ನಿಂತು, ಬೆರಳು ತುಂಡಾದರೆ, ಕೈ ಜಜ್ಜಿದರೆ ಎಂದು ಶುರು ಮಾಡಿದೆ.

ಒಲೆಯ ಹಿಂದಿನಿಂದ ಒಂದು ದನಿ ಬಂತು. "ಏ ತಾಯಿ, ಮಂದಿ ತುತ್ತು ಬಾಯಾಗ ಇಟ್ಟಾರ. ಬೆರಳು ಕಡಿಯೋದು ಆಮ್ಯಾಲೆ ಕಡಿ."

ಊಟಕ್ಕೆ ಕೂತವರೆಲ್ಲ ನಕ್ಕರು. ದಪ್ಪ ಮೈ, ಹಣೆಯ ತುಂಬ ಕುಂಕುಮ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸು ಎದುರು ಬಂದು ನಿಂತರು. ಅವರ ಎಡಗಿವಿಯ ಹಾಲೆ ಕೆಳಗಿನ ತನಕ ಹರಿದು ಎರಡಾಗಿತ್ತು. ನಾನು ಅದನ್ನೇ ನೋಡುತ್ತಿದ್ದೇನೆಂದು ಅವರಿಗೆ ಗೊತ್ತಾಯಿತು.

"ಗಂಡ ಜಗ್ಗಿದ್ದು. ಬೆಂಡೋಲಿ ಸಮೇತ. ಅವತ್ತ ನಾ ಅವನ ಕೈ ಮುರದೆ. ಈಗ ಇಬ್ಬರೂ ಆರಾಮ ಅದೀವಿ, ಅಂವ ಅಲ್ಲಿ, ನಾ ಇಲ್ಲಿ. ಹೂಂ, ಈಗ ನಿನ್ನ ಮಾತ ಹೇಳು."

ನಾನು ಹೇಳಿದೆ. ಕೆಲಸದ ಹೊತ್ತಿನಲ್ಲಿ, ಕೆಲಸದ ಕಾರಣಕ್ಕೆ ಗಾಯವಾದರೆ ಪರಿಹಾರ ಹಕ್ಕು. ಇಎಸ್‌ಐ ಇರುವ ಕಾರ್ಖಾನೆಯಾದರೆ ಅಲ್ಲಿಂದ ಸಿಗುತ್ತದೆ. ಈ ಗಲ್ಲಿಯ ಗಾಲಾಗಳ ಹಾಗೆ ಅದು ಇಲ್ಲದಿದ್ದರೆ ಮಾಲೀಕರೇ ಕೊಡಬೇಕು. ಕಾಗದದ ಮೇಲೆ ನೌಕರ ಅಲ್ಲದಿದ್ದರೂ, ಗುತ್ತಿಗೆದಾರನ ಮೂಲಕ ಬಂದಿದ್ದರೂ ಕೊಡಬೇಕು. ಯಂತ್ರ ಕೆಟ್ಟಿತ್ತೋ, ಕೆಲಸಗಾರನ ಗಮನ ತಪ್ಪಿತ್ತೋ, ಅದನ್ನು ಕೇಳುವಂತಿಲ್ಲ.

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ, "ನಿನ್ನ ಕನ್ನಡ ಮೈಸೂರ ಪಾಕ ಇದ್ದಂಗೈತಿ, ಚಲೋ ಐತಿ. ಆದ್ರ ಶೇಟ್‌ಗೆ ಇದು ತಿಳಿಯಂಗಿಲ್ಲ. ಶೇಟ್ ಕಡೆ ಎರಡೇ ಹಾದಿ. ಒಂದು ಕಾಲು ಹಿಡಿಬೇಕು, ಇಲ್ಲಾ ಕುತ್ತಿಗಿ ಹಿಡಿಬೇಕು. ನನಗ ಬಗ್ಗಾಕ ಬರಂಗಿಲ್ಲ, ಮಂಡಿ ನೋವು" ಅಂದರು.

ಇದು ತಮಾಷೆಯಲ್ಲ ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಗೋರಖಪುರದ ಕಡೆಯ ಒಬ್ಬನ ಮುಂಗೈ ಪ್ರೆಸ್ಸಿನಲ್ಲಿ ಚಪ್ಪಟೆಯಾದಾಗ ಅಕ್ಕ ಅವನ ಮಾಲೀಕನನ್ನು ನಿಜವಾಗಿಯೂ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದರು. ಆಸ್ಪತ್ರೆಯ ಖರ್ಚು ಅಲ್ಲೇ ಸಿಕ್ಕಿತು. ಜೊತೆಗೆ ಅಕ್ಕನ ಮೇಲೆ ಪೊಲೀಸು ದೂರೂ ಆಯಿತು. ಗಾಯವಾದ ಆ ಮನುಷ್ಯ ಹೆದರಿ ಊರಿಗೆ ಹೋದವನು ಮತ್ತೆ ಬರಲಿಲ್ಲ, ಅವನಿಗೆ ಕಾಯ್ದೆಯಿಂದ ಸಿಗಬೇಕಾಗಿದ್ದದ್ದು ಸಿಗಲೇ ಇಲ್ಲ. ನಾನು ಇದನ್ನು ಹೇಳಿದಾಗ ಅಕ್ಕ, "ಅಂವ ಆ ರಾತ್ರಿ ದವಾಖಾನ್ಯಾಗ ಸತ್ತಿದ್ರ ನಿನ್ನ ಕಾಯ್ದೆ ಅವನ ಬಾಯಾಗ ನೀರು ಬಿಡತಿತ್ತೇನ?" ಎಂದು ಕೇಳಿದರು. ಅವರ ಜೊತೆ ವಾದ ಮಾಡಿ ಗೆಲ್ಲುವುದು ಸಾಧ್ಯವಿರಲಿಲ್ಲ. ಅವರು ಸರಿಯಾಗಿ ಹೇಳುತ್ತಿದ್ದರು ಅಂತಲ್ಲ. ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು.

ಪೆಟ್ಟು ಅವರಿಗೆ ಮಾತಿನಷ್ಟೇ ಸಲೀಸು. ಗಾಯವಾದ ಮೇಲೆ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದವನಿಗೆ ಒಂದು. ಗಾಯದ ಪಟ್ಟಿ ಬಿಚ್ಚಿ ನೊಣ ಕೂರಿಸಿಕೊಂಡವನಿಗೆ ಒಂದು. ಹೆಂಡತಿಗೆ ಹೊಡೆದವನಿಗೆ ರೊಟ್ಟಿ ಮಗುಚುವ ಬಿಸಿ ಸಟ್ಟುಗದಿಂದ ಒಂದು, ಅವನ ಭುಜದ ಮೇಲೆ ಅದರ ಗುರುತು ಉಳಿದಿತ್ತು. ಹೊಡೆದ ಮೇಲೆ ಎಳೆದು ಕೂರಿಸಿ ಊಟ ಹಾಕುತ್ತಿದ್ದರು. ಅಳುತ್ತ ಉಂಡವರನ್ನು ನಾನು ನೋಡಿದ್ದೇನೆ. ಇದನ್ನು ಪ್ರೀತಿ ಎಂದು ಕರೆಯುವವರಿದ್ದಾರೆ. ನನಗೆ ಹಾಗೆ ಕರೆಯಲು ಇಷ್ಟವಿಲ್ಲ. ಗಂಗವ್ವ ಒಮ್ಮೆ ಹಿಟ್ಟಿಗೆ ನೀರು ಹೆಚ್ಚು ಹಾಕಿದ್ದಕ್ಕೆ ಅಕ್ಕ ಆ ಹಿಟ್ಟನ್ನೇ ಅವರ ಮುಖಕ್ಕೆ ಎಸೆದದ್ದನ್ನೂ ನಾನು ನೋಡಿದ್ದೇನೆ. ಗಂಗವ್ವ ಕಣ್ಣಿನಿಂದ ಹಿಟ್ಟು ತೆಗೆಯುತ್ತ ನಿಂತಿದ್ದರು.

ಅಕ್ಕನಿಗೆ ಒಬ್ಬ ತಮ್ಮನಿದ್ದ, ಮಲ್ಲಪ್ಪ. ಊರಲ್ಲಿದ್ದವನನ್ನು ಮುಂಬೈಗೆ ಕರೆಸಿ, ಖಾನಾವಳಿಯ ಎದುರಿನ ಗಾಲಾದಲ್ಲಿ ಪ್ರೆಸ್ಸಿಗೆ ಹಚ್ಚಿದವರೇ ಅವರು. ಮದುವೆ ಮಾಡಿಸಿದವರೂ ಅವರೇ. ಮಲ್ಲಪ್ಪ ಮೆತ್ತಗಿನ ಮನುಷ್ಯ. ಕುಡಿತ, ತಂಬಾಕು ಇಲ್ಲ, ಜೋರು ಮಾತೂ ಇಲ್ಲ. ಅಕ್ಕನ ದನಿ ಎತ್ತರವಾದರೆ ಪಂಢರಪುರದ ವಿಠ್ಠಲನ ಫೋಟೋದ ಕಡೆ ನೋಡುತ್ತ ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಅವನ ಕೈ ಹಿಂದಕ್ಕೆ ಬರಲಿಲ್ಲ. ಬಲಗೈಯ ನಾಲ್ಕೂ ಬೆರಳು ಹೋದವು. ನಾನು ಅಲ್ಲಿರಲಿಲ್ಲ, ಆದರೆ ಅಲ್ಲಿದ್ದವರೆಲ್ಲರ ಹೇಳಿಕೆಯನ್ನು ಆಮೇಲೆ ಬರೆದುಕೊಂಡವಳು ನಾನೇ. ಮಲ್ಲಪ್ಪ ಮೊದಲು ಕೂಗಲಿಲ್ಲವಂತೆ. ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡು, ಆಮೇಲೆ ಕೂಗಿದನಂತೆ. ರಕ್ತ ಚಿಮ್ಮಿ ಬಲ್ಬಿಗೆ ತಾಗಿ ಸುಟ್ಟ ವಾಸನೆ ಬಂತೆಂದು ಒಬ್ಬ ಹೇಳಿದ. ಅಕ್ಕ ಒಲೆಯ ಮುಂದಿನಿಂದ ಎದ್ದು ಓಡಿದರು. ರೊಟ್ಟಿ ಸುತ್ತುವ ಬಟ್ಟೆಯಿಂದ ಅವನ ಮಣಿಕಟ್ಟನ್ನು ಬಿಗಿದು ಕಟ್ಟಿದರು. ತಗಡಿನ ಚೂರುಗಳ ರಾಶಿಯಲ್ಲಿ ಕೈ ಹಾಕಿ ತಮ್ಮನ ಬೆರಳುಗಳನ್ನು ಹುಡುಕಿದರು. ಚೂರು ತಾಗಿ ಅವರ ಕೈಯೂ ಹರಿಯಿತು. ಸಿಕ್ಕಿದ ಮೂರನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡರು. ರಿಕ್ಷಾದಲ್ಲಿ ಅವನ ಕಣ್ಣು ಮುಚ್ಚಿದಾಗಲೆಲ್ಲ ಕಪಾಳಕ್ಕೆ ಹೊಡೆಯುತ್ತಲೇ ಸರ್ಕಾರಿ ಆಸ್ಪತ್ರೆಗೆ ಹೋದರು. ಡಾಕ್ಟರು ಡಬ್ಬಿಯನ್ನು ನೋಡಿ ತಲೆ ಅಲ್ಲಾಡಿಸಿದರು. ಜಜ್ಜಿಹೋದದ್ದನ್ನು ಸೇರಿಸಲು ಬರುವುದಿಲ್ಲ.

ಸಂಜೆ ಅಕ್ಕ ಗಲ್ಲಿಗೆ ಬಂದಾಗ ಗಾಲಾದವರು ಆ ಪ್ರೆಸ್ಸನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಮತ್ತೆ ಚಾಲೂ ಮಾಡಿದ್ದರು. ಯಾರಿಗಾದರೂ ಪೆಟ್ಟಾದರೆ ಅಲ್ಲಿ ಹಾಗೆಯೇ ಮಾಡುತ್ತಾರೆ. ಸೂಪರ್‌ವೈಸರ್ ಪ್ರಸಾದ ಎಂದು ಅಕ್ಕನ ಕೈಗೆ ಕಾಯಿಯ ಹೋಳು ಕೊಟ್ಟ. ಅಕ್ಕ ಅದನ್ನು ಅವನ ಹಣೆಗೆ ಬೀಸಿದರು. ಮೂಳೆ ಕಾಣಿಸಿತು.

ಸರ್ ಕೇಸು ಹಾಕಿದರು. ನನಗೆ ಅದು ಬಹಳ ಸರಳವಾದ ಕೇಸು ಅನ್ನಿಸಿತ್ತು. ಕೆಲಸದ ಜಾಗ, ಕೆಲಸದ ಹೊತ್ತು, ಬಲಗೈ. ಆಮೇಲೆ ಗಾಲಾದ ಮಾಲೀಕ ಶೇಟ್‌ನ ಉತ್ತರ ಬಂತು. ಅಪಘಾತದ ಹೊತ್ತಿನಲ್ಲಿ ಮಲ್ಲಪ್ಪ ಕುಡಿದಿದ್ದ, ಕುಡಿದದ್ದರಿಂದಲೇ ಕೈ ಹೋಯಿತು, ಆದ್ದರಿಂದ ಪರಿಹಾರದ ಹೊಣೆ ತನ್ನದಲ್ಲ. ಅದಕ್ಕೆ ಆಧಾರ, ಆಸ್ಪತ್ರೆಯ ಡಾಕ್ಟರು ಮೊದಲ ಚೀಟಿಯಲ್ಲೇ ಬರೆದ ಒಂದು ಸಾಲು: ಬಾಯಿಂದ ಮದ್ಯದ ವಾಸನೆ ಬರುತ್ತಿದೆ.

ಡಾಕ್ಟರು ಸುಳ್ಳು ಬರೆದಿರಲಿಲ್ಲ. ಆ ಗಲ್ಲಿಯಲ್ಲಿ ಯಾರ ಬೆರಳು ಹೋದರೂ, ರಿಕ್ಷಾ ಬರುವ ಮೊದಲು ಅವನ ಬಾಯಿಗೆ ಸಾರಾಯಿ ಸುರಿಯುತ್ತಿದ್ದರು. ನೋವು ಮರೆಯಲಿ ಎಂದು. ತಂದೆ ಮಕ್ಕಳಿಗೆ ನೀರು ಕುಡಿಸುವ ಹಾಗೆ, ಗಲ್ಲ ಹಿಡಿದು ಸುರಿಯುತ್ತಿದ್ದರು. ಸಾರಾಯಿ ಅಕ್ಕನ ಖಾನಾವಳಿಯದು. ಲೈಸೆನ್ಸಿಲ್ಲದೆ, ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟು ಸಂಜೆ ಹೊತ್ತು ಮಾರುತ್ತಿದ್ದರು. ಮಲ್ಲಪ್ಪನ ಗಲ್ಲ ಹಿಡಿದು ಸುರಿದವರು ಅಕ್ಕನೇ.

ಕಾಯ್ದೆಯಲ್ಲಿ ಇದಕ್ಕೊಂದು ಕ್ರೂರ ಲೆಕ್ಕವಿದೆ. ಕೆಲಸಗಾರ ಸತ್ತರೆ, ಅಥವಾ ಯಾವ ಕೆಲಸಕ್ಕೂ ಬಾರದಷ್ಟು ಊನಗೊಂಡರೆ ಮಾಲೀಕ ಕುಡಿತದ ನೆಪ ಹೇಳುವಂತಿಲ್ಲ. ನಾಲ್ಕು ಬೆರಳಷ್ಟೇ ಹೋದರೆ ಹೇಳಬಹುದು. ನಾನು ಇದನ್ನು ಖಾನಾವಳಿಯಲ್ಲಿ ಅಕ್ಕನಿಗೆ ವಿವರಿಸಿದೆ. ಮಲ್ಲಪ್ಪ ಪಕ್ಕದಲ್ಲೇ ಕೂತಿದ್ದ, ಪಟ್ಟಿ ಸುತ್ತಿದ ಕೈಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡಿದ್ದ.

"ಹಂಗಾರ ಅಂವ ಸತ್ತಿದ್ರ ಚಲೋ ಇತ್ತೇನ?" ಅಂದರು ಅಕ್ಕ.

"ನಾನು ಹಾಗೆ ಹೇಳಲಿಲ್ಲ. ಪೆಟ್ಟು ಬೀಳುವಾಗ ಅವರು ಕುಡಿದಿರಲಿಲ್ಲ, ಆಮೇಲೆ ಬೇರೆಯವರು ಕುಡಿಸಿದರು ಅಂತ ಸಾಬೀತಾದರೆ ಸಾಕು. ಕೋರ್ಟಿನಲ್ಲಿ ಯಾರಾದರೂ ಅದನ್ನು ಹೇಳಬೇಕು."

"ಗಾಲಾದವರು ಹೇಳ್ತಾರ."

"ಅವರು ಹೇಳಲ್ಲ. ಕೇಳಿದ್ದೇನೆ. ಎಲ್ಲರಿಗೂ ಕೆಲಸ ಬೇಕು."

ಖಾನಾವಳಿಯ ಜಾಗವೂ ಅದೇ ಶೇಟ್‌ನದು. ಹಣೆಗೆ ಹೊಲಿಗೆ ಹಾಕಿಸಿಕೊಂಡ ಸೂಪರ್‌ವೈಸರ್ ಆಗಲೇ ಬಂದು ಹೇಳಿ ಹೋಗಿದ್ದ: "ಅಕ್ಕಾ, ಕೇಸ್ ತುಮ್ಹಾರೆ ಭಾಯಿ ಕಾ, ದುಕಾನ್ ತುಮ್ಹಾರಾ. ದೋನೋ ಕೋ ಮಿಲಾನಾ ಮತ್." ತಮ್ಮನ ಕೇಸನ್ನೂ ನಿನ್ನ ಅಂಗಡಿಯನ್ನೂ ಬೆರೆಸಬೇಡ ಎಂಬ ಬೆದರಿಕೆ ಅದು. ಈಗ ಅಕ್ಕನದಲ್ಲದೆ ಮಲ್ಲಪ್ಪನ ಸಂಸಾರವೂ ಆ ಒಲೆಯ ಮೇಲೆಯೇ ಬೇಯುತ್ತಿತ್ತು. ಅಕ್ಕ ಬಾಯಿ ಬಿಟ್ಟರೆ ಖಾನಾವಳಿ ಹೋಗುತ್ತದೆ. ಬಿಡದಿದ್ದರೆ ತಮ್ಮನ ಕೈಗೆ ಬರಬೇಕಾದದ್ದು ಹೋಗುತ್ತದೆ, ಅವನು ಕುಡಿದು ಕೈ ಕಳೆದುಕೊಂಡವನು ಎಂಬ ಮಾತು ಮಾತ್ರ ಉಳಿಯುತ್ತದೆ.

ಇಷ್ಟು ನನಗೆ ಗೊತ್ತಿತ್ತು. ಆದರೂ ನಾನು ಮಾತಿನಲ್ಲಿ ನಿಖರವಾಗಿರಬೇಕೆಂದು ಕಲಿತವಳು. "ಅಕ್ಕ, ನೀವು ಕುಡಿಸಿದ್ದರಿಂದ ಈ ತೊಂದರೆ ಬಂದಿದೆ. ನೀವೇ ಅದನ್ನು ಸರಿಮಾಡಬಹುದು" ಅಂದೆ.

ಅವರ ಕೈ ಬಂದದ್ದು ನನಗೆ ಕಾಣಲೇ ಇಲ್ಲ. ಕಿವಿಯೊಳಗೆ ಒಂದು ತಂಬಿಗೆ ಬಿದ್ದ ಹಾಗೆ ಸದ್ದಾಯಿತು. ಕನ್ನಡಕ ಹಾರಿ ಸಾರಿನ ಪಾತ್ರೆಯ ಹತ್ತಿರ ಬಿತ್ತು. ಬಾಯಿಯಲ್ಲಿ ರಕ್ತದ ರುಚಿ. ಮಲ್ಲಪ್ಪ, "ಅಕ್ಕಾ!" ಎಂದು ಎದ್ದು ನಿಂತ. ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ನಾ ನನ್ನ ತಮ್ಮನ್ನ ಕೊಂದೆ ಅಂತಿ?" ಅಕ್ಕ ಕೂಗಿದರು. "ನಿನ್ನ ಕೈ ಹೋಗಿದ್ರ ತಿಳೀತಿತ್ತು! ಆ ಒದರಾಟ ಕೇಳಿದ್ದೀಯೇನ ನೀ? ಶೆರೆ ಹಾಕದ ಸುಮ್ಮ ನಿಂದರಬೇಕಿತ್ತೇನ? ಹೋಗು. ಹೋಗು ಇಲ್ಲಿಂದ, ಇನ್ನೊಂದು ಹೊಡಿಯೂದ್ರಾಗ ಹೋಗು."

ನಾನು ಕನ್ನಡಕ ಎತ್ತಿಕೊಂಡು, ಒರೆಸಿ, ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ. ನನಗೆ ಅದುವರೆಗೆ ಯಾರೂ ಹೊಡೆದಿರಲಿಲ್ಲ, ಮನೆಯಲ್ಲೂ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಎದುರು ಕೂತ ಹೆಂಗಸೊಬ್ಬರು ತಮ್ಮ ಕೆನ್ನೆ ಮುಟ್ಟಿ ತೋರಿಸಿ, "ಪಾವಡರ್ ಜಾಸ್ತ ಝಾಲೀ" ಅಂದರು. ಕರವಸ್ತ್ರದಿಂದ ಒರೆಸಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸರ್‌ಗೆ ಮಾತ್ರ, ಸಾಕ್ಷಿ ಒಪ್ಪುತ್ತಿಲ್ಲ ಎಂದೆ.

ಆ ವಾರವೇ ಅಕ್ಕ ಆಫೀಸಿಗೆ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕ್ಷಮೆ ಕೇಳಲಿಲ್ಲ. ಕೇಳುತ್ತಾರೆಂದು ನಾನೂ ಕಾದಿರಲಿಲ್ಲ. ಕುರ್ಚಿ ಎಳೆದು ಕೂತು, ನನ್ನ ಮುಖವನ್ನು ಹಣ್ಣು ನೋಡುವ ಹಾಗೆ ಆ ಕಡೆ ಈ ಕಡೆ ನೋಡಿದರು.

"ಬಾವು ಇಳದೈತಿ" ಅಂದರು. "ಏನಂತ ಹೇಳಬೇಕು ಕೋರ್ಟಿನ್ಯಾಗ? ಹೇಳಿ ಕೊಡು, ಬಾಯಿಪಾಠ ಮಾಡ್ತೀನಿ."

"ಹೇಳಿಕೊಡುವಂತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ."

"ಶೆರೆ ಎಲ್ಲಿಂದ ಬಂತು ಅಂತ ಕೇಳ್ತಾನಲ್ಲ ಅವರ ವಕೀಲ?"

"ಕೇಳುತ್ತಾರೆ."

ಸರ್ ಅಷ್ಟರಲ್ಲಿ ತಮ್ಮ ಕೋಣೆಯಿಂದ ಹೊರಗೆ ಬಂದಿದ್ದರು. ಕಟಕಟೆಯಲ್ಲಿ ಕೊಟ್ಟ ಉತ್ತರವನ್ನೇ ಹಿಡಿದು ಅವರನ್ನು ಶಿಕ್ಷಿಸಲು ಬರುವುದಿಲ್ಲವೆಂದು ವಿವರಿಸಿದರು. ಆದರೆ ಆ ಉತ್ತರ ಕೇಳಿಸಿಕೊಂಡವರು ಹೊರಗೆ ಹೋಗಿ ಏನು ಮಾಡುತ್ತಾರೋ, ಅದಕ್ಕೆ ಕಾಯ್ದೆ ಬಾಗಿಲಲ್ಲಿ ಕಾವಲು ನಿಲ್ಲುವುದಿಲ್ಲ ಎಂದೂ ಹೇಳಿದರು. ನಾನು ಎರಡನ್ನೂ ಕನ್ನಡದಲ್ಲಿ ಹೇಳಿದೆ, ಎರಡನೆಯದನ್ನು ಎರಡು ಸಲ. ಅಕ್ಕ ಎದ್ದು ನಿಂತು ಸೆರಗು ಬಿಗಿದುಕೊಂಡರು.

"ಅಂವ ದಿನಾ ಎಡಗೈಲೆ ಉಣ್ತಾನ ತಂಗಿ. ನಾ ನೀಡ್ತೀನಿ, ಅಂವ ಉಣ್ತಾನ. ನನ್ನ ಕಡೆ ನೋಡಂಗಿಲ್ಲ. ಬೈದ್ರ ಸೈತ ಚಲೋ ಇತ್ತು."

ಅದುವರೆಗೆ ಅವರು ನನ್ನನ್ನು ತಂಗಿ ಎಂದು ಕರೆದಿರಲಿಲ್ಲ.

ಸಾಕ್ಷಿಯ ದಿನ ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಂದಿದ್ದರು. ಶೇಟ್ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನ ವಕೀಲರು ವಯಸ್ಸಿನಲ್ಲಿ ಚಿಕ್ಕವರು, ದನಿಯಲ್ಲಿ ಮಾತ್ರ ದೊಡ್ಡವರು. ಹಿಂದಿಯಲ್ಲಿ ಕೇಳುತ್ತಿದ್ದರು, ಅಕ್ಕ ತಮ್ಮ ಹಿಂದಿಯಲ್ಲಿ ಉತ್ತರಿಸುತ್ತಿದ್ದರು, ಸಿಕ್ಕಿಕೊಂಡ ಕಡೆ ಕನ್ನಡಕ್ಕೆ ಹೊರಳುತ್ತಿದ್ದರು. ನ್ಯಾಯಾಧೀಶರ ಅಪ್ಪಣೆಯಿಂದ ನಾನು ಅದನ್ನು ಹಿಂದಿಗೆ ತಿರುಗಿಸುತ್ತಿದ್ದೆ.

"ದಾರೂ ಕಿಸನೇ ಪಿಲಾಯಿ?"

"ಮೈನೇ."

"ಕಹಾಂ ಸೇ ಲಾಯಿ?"

"ಮೇರೇ ದುಕಾನ್ ಸೇ. ಮೈ ಬೇಚತೀ ಥೀ."

"ಲೈಸೆನ್ಸ್?"

"ನಹೀ."

ಕುಡಿಸಿದ್ದೂ ಲೈಸೆನ್ಸಿಲ್ಲದೆ ಮಾರಿದ್ದೂ ತಾನೇ ಎಂದು ಅಕ್ಕ ಒಪ್ಪಿಕೊಂಡದ್ದಕ್ಕೆ ವಕೀಲರು ನ್ಯಾಯಾಧೀಶರ ಕಡೆ ತಿರುಗಿ ನಕ್ಕರು. ಆಮೇಲೆ, ಸಾರಾಯಿ ಮಾರುವ ಹೆಂಗಸು, ಗಂಡನ ಕೈ ಮುರಿದು ಓಡಿ ಬಂದವಳು, ಗಂಡಸರಿಗೆ ಕುಡಿಸುವುದೇ ಕಸುಬಾದವಳು ಎಂದು ಒಂದೊಂದಾಗಿ ಹೇಳುತ್ತ ಹೋದರು. ಸರ್ ಎರಡು ಸಲ ಎದ್ದು ತಡೆದರು. ನಾನು ಅಕ್ಕನ ಕೈಯನ್ನೇ ನೋಡುತ್ತಿದ್ದೆ. ಆ ವಕೀಲರು ಕೈಗೆಟುಕುವಷ್ಟು ಹತ್ತಿರ ನಿಂತಿದ್ದರು. ಇನ್ನೊಂದು ಮಾತಿಗೆ ಅಕ್ಕನ ಕೈ ಮೇಲೇಳುತ್ತದೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ನನಗೆ ಖಾತ್ರಿಯಿತ್ತು. ಅಕ್ಕ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಜಗಳದಲ್ಲಿ ಬೇರೆಯವರ ಕೈ ಹಿಡಿದು ತಡೆಯುತ್ತಾರಲ್ಲ, ಹಾಗೆ. ಉಗುರು ಚರ್ಮಕ್ಕೆ ಇಳಿದು ರಕ್ತ ಬಂದಿತ್ತು.

ಕೊನೆಗೆ ವಕೀಲರು, ತಮ್ಮನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀರಿ ಅಂದರು. ಅಕ್ಕ ಹಿಂದಿ ಬಿಟ್ಟು, ನನ್ನ ಕಡೆ ತಿರುಗಿದರು.

"ಹೇಳು ಅವರಿಗೆ. ಸುಳ್ಳು ಹೇಳೂದಾಗಿದ್ರ, ನನ್ನ ಅಂಗಡಿ ಉಳಿಯೂವಂಥಾ ಸುಳ್ಳ ಹೇಳ್ತಿದ್ನಲ್ಲ? ಬ್ಯಾರೆಯವರು ಕುಡಿಸ್ಯಾರ ಅಂತಿದ್ದೆ. ಕುಡಿಯಾಕ ಬರದ ಹುಡುಗ ಸಾಹೇಬ್ರ, ನಾ ಹಾಕಿದ್ದು ಮೂಗಿನಾಗ ಹೊರಗ ಬಂತು. ಅದನ್ನೂ ಬರೀರಿ."

ನಾನು ಹಿಂದಿಯಲ್ಲಿ ಹೇಳಿದೆ. ನ್ಯಾಯಾಧೀಶರು ಪೆನ್ನು ಎತ್ತಿ ಸ್ವಲ್ಪ ಹೊತ್ತು ಅಕ್ಕನನ್ನು ನೋಡಿ, ಬರೆದುಕೊಂಡರು. ತೀರ್ಪು ಬರಲು ಮುಂದೆ ಬಹಳ ಕಾಲ ಹಿಡಿಯಿತು. ಬಂದಾಗ ಮಲ್ಲಪ್ಪನ ಪರವಾಗಿತ್ತು. ಅದರಲ್ಲಿ ಅಕ್ಕನ ಈ ಮಾತಿಗೆ ಒಂದು ಇಡೀ ಪ್ಯಾರಾ ಕೊಟ್ಟಿದ್ದರು.

ಆದರೆ ಅಕ್ಕ ಸಾಕ್ಷಿ ಹೇಳಿದ ದಿನದ ಸಂಜೆಯೇ ಖಾನಾವಳಿ ಹೋಯಿತು. ಐದಾರು ಜನ ಬಂದಿದ್ದರು. ಯಾರು ಕಳಿಸಿದರೆಂದು ನಾನು ಇಲ್ಲಿ ಬರೆಯಲಾರೆ, ಸಾಬೀತಾಗಿಲ್ಲ. ಕಬ್ಬಿಣದ ಸಲಾಕೆಯಿಂದ ಬೆಂಚು, ಕಪಾಟು, ವಿಠ್ಠಲನ ಫೋಟೋ ಒಡೆದರು. ಹಿಟ್ಟಿನ ಡಬ್ಬಿಗಳನ್ನು ಗಟಾರಕ್ಕೆ ಸುರಿದರು. ಒಬ್ಬ ಗ್ಯಾಸ್ ಒಲೆಯನ್ನು ಒದ್ದ. ಕಾದ ಹಂಚು ಹಾರಿ ರೊಟ್ಟಿ ಬಡಿಯುತ್ತಿದ್ದ ಗಂಗವ್ವನ ಮುಂಗೈ ಮೇಲೆ ಬಿದ್ದು, ಅಲ್ಲೇ ಅಂಟಿಕೊಂಡಿತು. ಅದನ್ನು ಬರಿಗೈಯಿಂದ ಕಿತ್ತು ತೆಗೆದವರು ಅಕ್ಕ. ಆಮೇಲೆ ಅದೇ ಹಂಚಿನಿಂದ ಒಬ್ಬನ ದವಡೆಗೆ ಹೊಡೆದರು. ಇನ್ನೊಬ್ಬನ ಕಿವಿಯನ್ನು ಹಲ್ಲಿನಿಂದ ಹಿಡಿದರು. ಸಲಾಕೆ ಅವರ ತಲೆಯ ಮೇಲೆ ಬೀಳುವ ತನಕ ಬಿಡಲಿಲ್ಲ.

ಮಲ್ಲಪ್ಪ ಫೋನ್ ಮಾಡಿದ. ನಾನು ಆಸ್ಪತ್ರೆಗೆ ಹೋದಾಗ ಇನ್ನೂ ಭೇಟಿಯ ಹೊತ್ತಿತ್ತು. ಹೆಂಗಸರ ವಾರ್ಡಿನಲ್ಲಿ ಅಕ್ಕ ಮತ್ತು ಗಂಗವ್ವ ಎದುರುಬದುರು ಮಂಚದಲ್ಲಿದ್ದರು. ಅಕ್ಕನ ತಲೆಗೆ ಪಟ್ಟಿ, ಎರಡೂ ಅಂಗೈಗೆ ಪಟ್ಟಿ, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಗಂಗವ್ವ ಮೊಣಕೈಯವರೆಗೆ ಬಿಳಿಯಾಗಿ ಸುತ್ತಿದ ಬಲಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ನರಳುತ್ತಿದ್ದರು.

ಪೊಲೀಸರಿಗೆ ಕೊಡುವ ದೂರಿನ ಬಗ್ಗೆ ನಾನು ಮಾತು ಶುರು ಮಾಡಿದೆ. ಅಕ್ಕ ತಡೆದರು.

"ಅದು ಇರಲಿ. ಗಂಗವ್ವ ನನ್ನ ಕಡೆ ದುಡಿಯಾಕಿ. ಹೌದಿಲ್ಲೋ?"

"ಹೌದು."

"ದುಡಿಯೂ ಮುಂದ ಆತು. ಹೌದಿಲ್ಲೋ?"

ಅವರು ಯಾವ ಕಡೆ ಹೊರಟಿದ್ದಾರೆಂದು ನನಗೆ ಆಗ ಹೊಳೆಯಿತು. "ಅಕ್ಕ, ಸುಟ್ಟದ್ದು ನೀವಲ್ಲ. ಬೇರೆಯವರು ಬಂದು ಮಾಡಿದ್ದು. ಗ್ಯಾಸ್ ಮೇಲೆ ಅಡುಗೆ ಮಾಡಿ ಮಾರುವ ಕಡೆ ದುಡಿಯುವವರಿಗೂ ಕಾಯ್ದೆ ಇದೆ, ನಿಜ. ಆದರೆ ಇದು ವಾದಕ್ಕೆ ಬಿಟ್ಟ ವಿಷಯ. ಈಗ ನಿಮ್ಮ ಹತ್ತಿರ ಅಂಗಡಿಯೇ ಇಲ್ಲ."

"ಶೇಟ್‌ಗೆ ಒಂದು ಕಾಯ್ದೆ, ನನಗ ಒಂದು ಕಾಯ್ದೆ ಐತೇನ?"

ಉತ್ತರ ಕೊಟ್ಟವರು ಗಂಗವ್ವ. ನರಳುವುದನ್ನು ನಿಲ್ಲಿಸಿ, "ಅಕ್ಕಾ, ನಿನ್ನ ಮ್ಯಾಲೆ ಕೇಸು ನಾ ಹಾಕಂಗಿಲ್ಲ. ನಿನ್ನ ಅನ್ನ ಉಂಡೀನಿ" ಅಂದರು.

ಅಕ್ಕ ದಿಂಬಿನಿಂದ ತಲೆ ಎತ್ತಿ, ಪಟ್ಟಿ ಸುತ್ತಿದ ಕೈಯನ್ನೂ ಎತ್ತಿದರು. "ಮುಚ್ಚು ಬಾಯಿ, ಮೂಳಿ! ಅನ್ನ ನೀ ದುಡದ ಉಂಡಿ, ನಾ ಏನ್ ಧರ್ಮಕ್ಕ ಹಾಕೀನೇನ? ಹಾಕ್ತಿ ಕೇಸು. ಹಾಕ್ಲಿಲ್ಲಂದ್ರ ಆ ಇನ್ನೊಂದು ಕೈ ನಾನ ಸುಡ್ತೀನಿ."

ನರ್ಸು ಓಡಿ ಬಂದು, "ಮಾವ್ಶಿ, ಆವಾಜ್ ಕಮೀ!" ಎಂದು ಗದರಿದರು. ಅಕ್ಕ ನರ್ಸಿಗೂ ಏನೋ ಬೈದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸದೆಯೇ, "ಊರಾಗ ನಂದೊಂದು ತುಣುಕು ಹೊಲ ಐತಿ ತಂಗಿ. ಸುಮ್ಮ ನಾ ಕೊಟ್ರ ಆಕಿ ತಗೊಳ್ಳಂಗಿಲ್ಲ. ಕೋರ್ಟು ಕೊಡು ಅಂದ್ರ ತಗೊಂತಾಳ" ಅಂದರು. ಅಷ್ಟು ಹೇಳಿ ಗೋಡೆಯ ಕಡೆ ಹೊರಳಿಕೊಂಡರು.

ಮರುದಿನ ಬೆಳಿಗ್ಗೆ ನಾನು ಕೋರ್ಟಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋದೆ. ಗಂಗವ್ವನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಗಾಯವಾದ ಕೆಲಸಗಾರರು ಮಾಲೀಕರಿಗೆ ಕೊಡಬೇಕಾದ ನೋಟಿಸನ್ನು ಅಕ್ಕನ ಹೆಸರಿಗೆ ಬರೆದೆ. ಒಂದೊಂದು ಸಾಲನ್ನೂ ಅವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಅತ್ತರು, ಕೊನೆಗೆ ಎಡಗೈ ಹೆಬ್ಬೆಟ್ಟು ಒತ್ತಿದರು. ಅಕ್ಕ ಇನ್ನೂ ಮಲಗಿದ್ದರು. ಅವರು ಏಳುವ ತನಕ ಕಾದೆ. ಎದ್ದ ಮೇಲೆ ಮುಖ ಒರೆಸಿ, ಚಹಾ ಕುಡಿಸಿ, ನೋಟಿಸನ್ನು ಅವರ ಎದೆಯ ಮೇಲೆ ಇಟ್ಟೆ.